ಹಡಗಿನಲ್ಲಿ ಬಂದ ಅರಳುಮರಳು

ಬಹೀಜಾಳಿಗೆ ಹಡಗು ಹತ್ತುವ ಆಸೆ ಯಾವತ್ತೂ ಇರಲಿಲ್ಲ. ಆಸೆಯೆಲ್ಲ ಗಂಡ ಹಮ್ಮಾದಿಯದು. ಟ್ಯೂನಿಸ್ಸಿನ ರಾದೆಸ್ ಬಂದರಿನ ಸುಂಕದ ಕಚೇರಿಯಲ್ಲಿ ಮೊಹರು ಒತ್ತುತ್ತಲೇ ತಲೆ ನರೆಸಿಕೊಂಡ ಮನುಷ್ಯ, ಕಿಟಕಿಯಾಚೆ ಹೋಗುವ ಬಿಳಿ ಹಡಗುಗಳನ್ನು ನೋಡಿ ನೋಡಿ ಜೊಲ್ಲು ಸುರಿಸಿದ್ದ. ನಿವೃತ್ತಿಯಾದ ಮೇಲೂ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಕೊನೆಗೆ ಮಗಳು ಒಲ್ಫಾ ಟಿಕೆಟ್ ತಂದು ಕೈಗಿಟ್ಟಳು. ಬಹೀಜಾ ಒಂದು ಡಬ್ಬಿ ಹರೀಸಾ ಖಾರ, ಒಂದು ಸೀಸೆ ಆಲಿವ್ ಎಣ್ಣೆ ಕಟ್ಟಿಕೊಂಡು, ಹಾಳಾಗಿ ಹೋಗಲಿ, ಇವನ ಜೀವವಾದರೂ ತಣ್ಣಗಾಗಲಿ ಎಂದು ಹೊರಟಳು.

ಹತ್ತಿದ ದಿನವೇ ಅವಳಿಗೆ ಇಳಿದುಹೋಗಬೇಕೆನಿಸಿತು. ಸಮುದ್ರದಿಂದಲ್ಲ, ಜನರಿಂದ.

ಊಟದ ಸಾಲೆಯೋ, ಮದುವೆ ಛತ್ರಕ್ಕಿಂತ ದೊಡ್ಡದು. ಅಷ್ಟೂ ಜನ ನಾಳೆಯಿಂದ ಅನ್ನವೇ ಸಿಗುವುದಿಲ್ಲ ಎಂಬಂತೆ ಮುಗಿಬೀಳುತ್ತಿದ್ದರು. ಒಂದೇ ತಟ್ಟೆಯಲ್ಲಿ ಸಿಗಡಿ, ಅದರ ಮೇಲೆ ಕೇಕು, ಅದರ ಪಕ್ಕಕ್ಕೆ ಮೊಟ್ಟೆ. ಎರಡು ತುತ್ತು ತಿನ್ನುವುದು, ಮೂತಿ ಒರೆಸಿಕೊಳ್ಳುವುದು, ಮಿಕ್ಕಿದ್ದನ್ನು ಹಾಗೇ ಬಿಟ್ಟು ಮತ್ತೊಂದು ತಟ್ಟೆ ತುಂಬಿಸಲು ಏಳುವುದು. ಚಾಕಲೇಟು ಹರಿಯುವ ಕಾರಂಜಿಯೊಂದಿತ್ತು. ಅದರಲ್ಲಿ ಒಬ್ಬ ಮುದುಕ ಬೆರಳದ್ದಿ ನೆಕ್ಕಿ, ಅದೇ ಬೆರಳನ್ನು ಮತ್ತೆ ಅದ್ದಿದ. ಈಜುಕೊಳದ ನೀರಿನ ಮೇಲೆ ಮೈಗೆ ಹಚ್ಚುವ ಎಣ್ಣೆ ಪದರಗಟ್ಟಿ ತೇಲುತ್ತಿತ್ತು. ಕೋಣೆಗಳ ನಡುವಿನ ಓಣಿಯ ಜಮಖಾನೆಗೆ ಹಳೆಯ ಸೆಂಟು, ಒದ್ದೆ ಕಾಲು, ಕರಿದ ಮೀನು ಎಲ್ಲ ಸೇರಿದ ಒಂದು ನಾತ. ಹಮ್ಮಾದಿ ಮಾತ್ರ ಬಿಳಿ ಪ್ಯಾಂಟು ತೊಟ್ಟು, ಮೂಗಿಲ್ಲದವನಂತೆ ಓಡಾಡುತ್ತಿದ್ದ.

ಇದನ್ನೆಲ್ಲ ಅವಳು ಹೇಗೋ ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ರೊಟ್ಟಿಯ ವಿಷಯ. ಹಡಗಿನ ತೆರೆದ ಮೇಲಟ್ಟದಲ್ಲಿ ದಪ್ಪನೆಯ ಹೆಂಗಸೊಬ್ಬಳು ಸೇದಿದ ಸಿಗರೇಟನ್ನು ಅರ್ಧ ತಿಂದ ರೊಟ್ಟಿಯೊಳಗೆ ಚುಚ್ಚಿ ಆರಿಸಿ, ಏನೂ ಆಗಿಲ್ಲವೆಂಬಂತೆ ಕಣ್ಣು ಮುಚ್ಚಿ ಬಿಸಿಲಿಗೆ ಮಲಗಿದಳು. ಬಹೀಜಾಳ ಮೈಯೆಲ್ಲ ಉರಿದುಹೋಯಿತು. ಸಿಗರೇಟು ಕಿತ್ತೆಸೆದು, ಬೂದಿ ಒರೆಸಿ, ರೊಟ್ಟಿಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಳು.

"ಏನೇ ಮಾಡ್ತಿದೀಯ? ಎಲ್ರೂ ನೋಡ್ತಿದಾರೆ!" ಹಮ್ಮಾದಿ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೋಡ್ಲಿ ಬಿಡ್ರೀ. ನಾಚಿಕೆ ಆಗ್ಬೇಕಾದ್ದು ಅವ್ರಿಗೆ, ನನಗಲ್ಲ."

ಅವರ ಬೀದಿಯಲ್ಲಿ ರೊಟ್ಟಿಯ ಚೂರನ್ನು ಯಾರೂ ಕಸಕ್ಕೆ ಸೇರಿಸುವುದಿಲ್ಲ. ಬೇರೆಯೇ ಚೀಲದಲ್ಲಿ ಹಾಕಿ ಬಾಗಿಲ ಹೊರಗೆ ತೂಗುಹಾಕಿದರೆ ಕುರಿ ಸಾಕಿದವರು ಬಂದು ಒಯ್ಯುತ್ತಾರೆ. ಬಹೀಜಾ ಇಲ್ಲೂ ಅದನ್ನೇ ಮಾಡಿದಳು. ಅಕ್ಕಪಕ್ಕದ ಮೇಜುಗಳಲ್ಲಿ ಬಿಟ್ಟುಹೋದ ಚೂರುಗಳನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿ ತಂದಳು. ಕೋಣೆಯ ಬೀರುವಿನಲ್ಲಿ ಬಿಳಿ ಬಟ್ಟೆಯ ಚೀಲವೊಂದು ತೂಗುತ್ತಿತ್ತು. ಎಷ್ಟು ಚೊಕ್ಕ ಚೀಲ, ರೊಟ್ಟಿಗೆ ಇದೇ ಸರಿ ಎಂದು ಅದರಲ್ಲಿ ತುಂಬಿ, ಬಾಗಿಲ ಹಿಡಿಗೆ ಸಿಕ್ಕಿಸಿದಳು. ಬೆಳಿಗ್ಗೆ ನೋಡಿದರೆ ಚೀಲವಿಲ್ಲ. ಸದ್ಯ, ಇಷ್ಟು ದೊಡ್ಡ ಹಡಗಿನಲ್ಲಿ ರೊಟ್ಟಿಯ ಬೆಲೆ ತಿಳಿದವರು ಒಬ್ಬರಾದರೂ ಇದ್ದಾರಲ್ಲ ಎಂದು ಹಿಗ್ಗಿದಳು.

ಆ ಹಡಗಿನಲ್ಲಿ ಬಾಗಿಲಿಗೆ ತೂಗಿದ ಬಿಳಿ ಚೀಲವೆಂದರೆ ಒಗೆಯಲು ಕೊಟ್ಟ ಬಟ್ಟೆ. ಅದು ಅವಳಿಗೆಲ್ಲಿ ಗೊತ್ತು? ಒಗೆಯುವವರೂ ಬಿಚ್ಚಿ ನೋಡದೆ ಇದ್ದದ್ದನ್ನೆಲ್ಲ ಯಂತ್ರಕ್ಕೆ ಸುರಿದಿದ್ದರು. ಎದುರು ಕೋಣೆಯ ಮಾದಾಮ್ ನೆಯಿಲಾ ಕಪ್ತಾನನ ಔತಣಕ್ಕೆಂದು ಒಗೆಯಲು ಕೊಟ್ಟಿದ್ದ ರೇಷ್ಮೆ ಉಡುಪು ಮೈತುಂಬ ಹಿಟ್ಟಿನ ಗಂಜಿ ಮೆತ್ತಿಕೊಂಡು ಹೊರಬಂತು. ನೆಯಿಲಾ ಟ್ಯೂನಿಸ್ಸಿನ ದೊಡ್ಡ ಡಾಕ್ಟರರ ಹೆಂಡತಿ. ಅವರ ಗುರುತು ಸಿಕ್ಕಿದ್ದೇ ಹಮ್ಮಾದಿಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಚೀಲದ ಮೇಲಿನ ಕೋಣೆಯ ಸಂಖ್ಯೆ ಹಿಡಿದು, ಹಡಗಿನ ಅಧಿಕಾರಿಯನ್ನು ಕರೆದುಕೊಂಡು ಆಕೆ ಬಂದು ಬಾಗಿಲು ಬಡಿದಾಗ ಬಹೀಜಾ ಬಚ್ಚಲಲ್ಲಿದ್ದಳು. ತೆಳು ಬಾಗಿಲು, ಆಚೆಯ ಮಾತೆಲ್ಲ ಕೇಳಿಸುತ್ತಿತ್ತು.

"ಒಗೆಯೋ ಚೀಲದಲ್ಲಿ ಎಂಜಲು ರೊಟ್ಟಿ ತುಂಬಿಸ್ತಾರಾ ಯಾರಾದ್ರೂ? ಇದೇನ್ ತಮಾಷೇನಾ?" ನೆಯಿಲಾ ಕೂಗಾಡಿದಳು.

ಬಹೀಜಾ ಕೈ ಒರೆಸಿಕೊಂಡಳು. ತಪ್ಪು ತನ್ನದು, ಹೋಗಿ ಕ್ಷಮೆ ಕೇಳಿದರಾಯಿತು ಎಂದು ಬಾಗಿಲ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಗಂಡನ ದನಿ ಕೇಳಿಸಿತು.

"ಮಾದಾಮ್, ದಯವಿಟ್ಟು ಕೋಪ ಮಾಡ್ಕೋಬೇಡಿ. ನನ್ನ ಹೆಂಡ್ತಿಗೆ... ಅರಳುಮರಳು. ತಲೆ ಸರಿ ಇಲ್ಲ. ಏನ್ ಮಾಡ್ತೀನಿ ಅನ್ನೋದು ಅವಳಿಗೇ ಗೊತ್ತಾಗಲ್ಲ."

ಕೂಡಲೇ ನೆಯಿಲಾಳ ದನಿ ಬೆಣ್ಣೆಯಂತಾಯಿತು. "ಅಯ್ಯೋ ಪಾಪ! ಮೊದಲೇ ಹೇಳ್ಬಾರ್ದಿತ್ತಾ ಹಮ್ಮಾದಿಯವ್ರೇ? ನೀವೊಬ್ರೇ ಎಷ್ಟು ಒದ್ದಾಡ್ತಿದೀರೋ!"

ಬಹೀಜಾ ಚಿಲಕದಿಂದ ಕೈ ತೆಗೆದು ಬಚ್ಚಲ ಕಟ್ಟೆಯ ಮೇಲೆ ಕೂತಳು. ಸಿಗರೇಟು ಚುಚ್ಚಿದ ಹೆಂಗಸನ್ನು ಕಂಡಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಅವರು ಹೋದ ಮೇಲೆ ಹೊರಬಂದು ಗಂಡನೆದುರು ನಿಂತಳು. "ನನ್ನ ತಲೆಗೆ ಏನಾಗಿದೇರೀ?"

"ಕೇಳಿಸ್ಕೊಂಡ್ಯಾ?" ಹಮ್ಮಾದಿ ಪೆಚ್ಚುಪೆಚ್ಚಾಗಿ ನಕ್ಕ. "ಅವ್ರ ಬಾಯಿ ಮುಚ್ಚಿಸೋಕೆ ಹಂಗಂದೆ, ಅಷ್ಟೇ. ಇನ್ನೇನ್ ಹೇಳ್ಲಿ? ನಮ್ಮವಳು ಎಂಜಲು ಆಯ್ತಾಳೆ ಅಂತ ಹೇಳ್ಲಾ?"

"ಹೇಳ್ಬೇಕಿತ್ತು. ಅದು ನಿಜ. ಗೊತ್ತಿಲ್ದೆ ಮಾಡಿದ್ಲು ಅನ್ನಬೇಕಿತ್ತು, ಅದೂ ನಿಜ. ಈಗ ನೀವಾಡಿದ ಮಾತನ್ನ ನೀವೇ ವಾಪಸ್ ತಗೋಬೇಕು. ನಾನಾಗೇ ಹೋಗಿ ನನಗೆ ಹುಚ್ಚಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಆಯ್ತು ಮಾರಾಯ್ತಿ. ದಡ ಸೇರೋದ್ರೊಳಗೆ ಹೇಳ್ತೀನಿ."

ಹೇಳಿದನೇ? ರಾತ್ರಿಯ ಊಟಕ್ಕೆ ಡಾಕ್ಟರರ ಮೇಜಿಗೇ ಕರೆ ಬಂತು. ನೆಯಿಲಾ ಬಹೀಜಾಳ ಕೆನ್ನೆ ಸವರಿ, ಕಿವುಡಿಯೊಡನೆ ಮಾತಾಡುವಂತೆ ಕೂಗಿ, "ದೊಡ್ಡಮ್ಮಾ, ಇದು ಮೀನು! ಮೀನು!" ಎಂದಳು. ನಲವತ್ತು ವರ್ಷ ಮೀನು ಉಜ್ಜಿ ಉಪ್ಪು ಹಚ್ಚಿದ ಹೆಂಗಸಿಗೆ! ಬಹೀಜಾ ಗಂಡನ ಮುಖ ನೋಡಿದಳು. ಹಮ್ಮಾದಿ ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ ಎಂದುಕೊಂಡಳು. ಅವನು ಅವಳ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಮೀನನ್ನು ಸಣ್ಣ ಸಣ್ಣ ಚೂರು ಮಾಡತೊಡಗಿದ.

"ಎಂಥಾ ಗಂಡ!" ಎಂದಳು ನೆಯಿಲಾ. "ನೋಡಿ ಕಲೀರಿ" ಎಂದು ತನ್ನ ಡಾಕ್ಟರನ್ನು ತಿವಿದಳು. ಪಕ್ಕದ ಮೇಜಿನವರೂ ತಿರುಗಿ ನೋಡಿ ಲೊಚಗುಟ್ಟಿದರು. ಹಮ್ಮಾದಿ ತಲೆ ತಗ್ಗಿಸಿದ. ಆದರೆ ಅವನ ಕಿವಿ ಕೆಂಪಾಗಿ ಹಿಗ್ಗಿದ್ದು ಬಹೀಜಾಳಿಗೆ ಕಾಣದಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಕಿವಿಯ ಭಾಷೆ ಅವಳಿಗೆ ಬಾಯಿಪಾಠ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಮೆಟ್ಟಿಲಲ್ಲಿ ತೋಳು ಹಿಡಿದು ಇಳಿಸುವುದೇನು, ಶಾಲು ಹೊದಿಸುವುದೇನು, ಯಾರಾದರೂ ಅವಳನ್ನು ಮಾತಾಡಿಸಿದರೆ ತಾನೇ ಉತ್ತರ ಕೊಡುವುದೇನು! ಬಂದರಿನಲ್ಲಿ ಜೀವಮಾನವೆಲ್ಲ ಯಾರೂ ತಿರುಗಿ ನೋಡದಿದ್ದ ಗುಮಾಸ್ತನನ್ನು ಈಗ ಇಡೀ ಹಡಗು ತಿರುಗಿ ನೋಡುತ್ತಿತ್ತು. ಮನೆಯಲ್ಲಿ ಒಂದು ಲೋಟ ನೀರು ತಂದುಕೊಡದ ಗಂಡಸು ಸಭೆಯೆದುರು ಅವಳ ತುಟಿ ಒರೆಸಿದ. ಅವನು ಆಚೆ ತಿರುಗಿದ ಕೂಡಲೇ ಅವಳು ಶಾಲಿನ ಅಂಚಿನಿಂದ ತುಟಿಯನ್ನು ಮತ್ತೊಮ್ಮೆ ಒರೆಸಿಕೊಂಡಳು.

ಪಲೆರ್ಮೋ ಬಂತು, ಜಿನೋವಾ ಬಂತು. "ಹೇಳಿದ್ರಾ?" ಎಂದು ಅವಳು ಕೇಳುವುದು, "ಇವತ್ತು ಸಂದರ್ಭ ಇರ್ಲಿಲ್ಲ" ಎಂದು ಅವನು ನುಣುಚಿಕೊಳ್ಳುವುದು. ಮಾರ್ಸೆಯ್ಲ್ಸ್‌ನಲ್ಲಿ, "ಬಾ, ಊರು ನೋಡ್ಕೊಂಡು ಬರೋಣ" ಎಂದು ಕರೆದ.

"ಹುಚ್ಚೀನ ಕರ್ಕೊಂಡು ಎಲ್ಲಿ ಸುತ್ತುತೀರಿ? ಕಳೆದುಹೋದ್ರೆ ಕಷ್ಟ."

"ನೋಡು, ಅವ್ರೆಲ್ಲ ನಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೋತಿದಾರೆ. ನಿನಗೇನ್ ನಷ್ಟ ಆಯ್ತು ಹೇಳು?"

ಬಹೀಜಾ ಅವನನ್ನೇ ದಿಟ್ಟಿಸಿದಳು. ಇವನು ನಿಜಕ್ಕೂ ಉತ್ತರಕ್ಕಾಗಿ ಕಾಯುತ್ತಿದ್ದಾನೆ ಎಂದು ತಿಳಿದು, ಗೋಡೆಯ ಕಡೆ ತಿರುಗಿ ಮಲಗಿದಳು. ಅವಳಿಗೆ ಇದ್ದ ಆಸರೆ ಒಂದೇ: ದಡದಲ್ಲಿ ಒಲ್ಫಾ ಇರುತ್ತಾಳೆ. ಮಗಳ ಎದುರಿನಲ್ಲಾದರೂ ಇವನು ಈ ಆಟ ನಿಲ್ಲಿಸಿಯೇ ನಿಲ್ಲಿಸುತ್ತಾನೆ.

ಹಡಗು ಮರಳಿ ಟ್ಯೂನಿಸ್ಸಿನ ಹಲ್ಕ್ ಅಲ್ ವಾದಿ ಬಂದರಿಗೆ ಬಂದು ನಿಂತಾಗ ಒಲ್ಫಾ ಕಟಕಟೆಯಾಚೆಯಿಂದ ಕೈ ಬೀಸುತ್ತಿದ್ದಳು. ಇವರು ಹತ್ತಿರವಾಗುವಷ್ಟರಲ್ಲಿ ನೆಯಿಲಾ ದಾಪುಗಾಲು ಹಾಕಿ ಮುಂದೆ ಹೋಗಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡಳು. ಕಿವಿಯಲ್ಲಿ ಏನೇನೋ ಹೇಳಿದಳು. ಡಾಕ್ಟರೂ ತಲೆಯಾಡಿಸಿ, ಚೀಟಿಯಲ್ಲಿ ಯಾವುದೋ ಆಸ್ಪತ್ರೆಯ ಹೆಸರು ಬರೆದುಕೊಟ್ಟರು. ಒಲ್ಫಾಳ ಮುಖದ ರಕ್ತ ಇಂಗಿಹೋಯಿತು.

"ಅಪ್ಪಾ, ಇವ್ರು ಏನ್ ಹೇಳ್ತಿದಾರೆ? ಅಮ್ಮನಿಗೆ ನಿಜವಾಗ್ಲೂ..."

ಹಮ್ಮಾದಿ ಹೆಂಡತಿಯನ್ನು ನೋಡಿದ, ಡಾಕ್ಟರನ್ನು ನೋಡಿದ, ನೆಯಿಲಾಳ ಒದ್ದೆ ಕಣ್ಣನ್ನು ನೋಡಿದ.

"ವಯಸ್ಸಾಯ್ತಲ್ಲಮ್ಮ," ಎಂದ. "ಸ್ವಲ್ಪ ಮರೆವು. ನಾನಿದೀನಲ್ಲ, ನೋಡ್ಕೋತೀನಿ."

ಒಲ್ಫಾ ತಾಯಿಯ ಎರಡೂ ಕೈ ಹಿಡಿದುಕೊಂಡಳು. "ಅಮ್ಮಾ, ನಾನ್ಯಾರು ಹೇಳು?"

"ನೀನು ಒಲ್ಫಾ. ನನ್ನ ಹೊಟ್ಟೇಲಿ ಹುಟ್ಟಿದ ಮಗಳು," ಎಂದಳು ಬಹೀಜಾ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ." ಆಮೇಲೆ ಹಮ್ಮಾದಿಯ ಕಡೆ ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ಆದ್ರೆ ಈ ಯಜಮಾನ್ರು ಯಾರೋ ಗೊತ್ತಾಗ್ಲಿಲ್ಲಮ್ಮ. ಹಡಗಲ್ಲಿ ನನ್ನ ಪಕ್ಕ ಕೂತು ಮೀನು ಕತ್ತರಿಸಿ ಕೊಡ್ತಿದ್ರು."

ನೆಯಿಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಲ್ಫಾ ಗಳಗಳನೆ ಅತ್ತಳು. ಬಹೀಜಾಳ ತಲೆ ನೆಟ್ಟಗಿದೆ ಎಂದು ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ. ಅವನು ಬಾಯಿ ತೆರೆದ, ಸುತ್ತ ನಿಂತವರನ್ನು ನೋಡಿದ, ಮತ್ತೆ ಮುಚ್ಚಿದ.