ಎರಡು ಕನ್ನಡಕ, ಒಂದು ಏರಿ

ನಮ್ಮ ಮೇಡಂ ಮೂಗಿನ ಎರಡೂ ಪಕ್ಕ ಸದಾ ಕೆಂಪು ಗುಳಿ ಬಿದ್ದಿರುತ್ತಿತ್ತು. ಓದುವ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಏರಿಸಿ, ಜಾರದಂತೆ ಹಿಂದೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದದ್ದು. ವಿಮಾನದಿಂದ ತೆಗೆದ ಜೋಡಿ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಉಬ್ಬುತಗ್ಗಾಗಿ ನೋಡಿ ಕೆರೆಗಳ ನಕ್ಷೆ ಬರೆಯುವುದು ಕಡೂರಿನ ನಮ್ಮ ಪುಟ್ಟ ಕಚೇರಿಯ ಕೆಲಸ. ಅವರು ಅಲ್ಲಿನ ಮುಖ್ಯಸ್ಥೆ, ಮಹಾ ಹಟಮಾರಿ.

ನಾನು ಸೇರಿದಾಗ ಇದ್ದದ್ದು ಆಕ್ಟಿವ್ ಕನ್ನಡಕ, ಬ್ಯಾಟರಿಯದು. ಒಂದು ಗಾಜು ಮುಚ್ಚಿದಾಗ ಇನ್ನೊಂದು ತೆರೆಯುತ್ತದೆ, ಯಾರಿಗೂ ಗೊತ್ತಾಗದಷ್ಟು ಬೇಗ. ನನ್ನ ತಲೆಗೆ ಮಾತ್ರ ಗೊತ್ತಾಗುತ್ತಿತ್ತು, ಮಧ್ಯಾಹ್ನದೊಳಗೆ ಸಿಡಿಯುತ್ತಿತ್ತು. ಹಾಕಿಕೊಳ್ಳಲು ಆಗದವರಿಗೆ ಇಲ್ಲಿ ಕೆಲಸವಿಲ್ಲ ಎಂದರು ಕಚೇರಿಯ ಯಜಮಾನರು.

"ಬಿಟ್ಟು ಹೋಗ್ತೀನಿ ಮೇಡಂ" ಎಂದೆ.

"ಇನ್ನೊಂದು ಕನ್ನಡಕ ಹಾಕಿ ನೋಡ್ದೆ ಹೆಂಗೆ ಹೋಗ್ತೀಯಾ? ಕೂತ್ಕೋ."

ಪರೀಕ್ಷೆಗೆಂದು ಪ್ಯಾಸಿವ್ ಕನ್ನಡಕವನ್ನೂ ಅದರ ಪರದೆಯನ್ನೂ ತರಿಸಿದರು. ಬ್ಯಾಟರಿ ಇಲ್ಲ, ಹಗುರ. ತಲೆನೋವು ಅಂದೇ ಹೋಯಿತು, ನಾನು ಹಿರಿಹಿರಿ ಹಿಗ್ಗಿದೆ. ಆದರೆ ಅದರಲ್ಲಿ ಒಂದೊಂದು ಕಣ್ಣಿಗೆ ಪರದೆಯ ಅರ್ಧ ಗೆರೆಗಳಷ್ಟೇ ಸಿಗುತ್ತವೆ. ಸಿಂಗಟಗೆರೆ ಕಡೆಯ ಒಂದು ಕೆರೆ ಏರಿ ಅವರ ಆಕ್ಟಿವ್ ಪರದೆಯಲ್ಲಿ ನೇರವಾಗಿ ಮೂಡಿತ್ತು, ನನ್ನದರಲ್ಲಿ ಅಂಕುಡೊಂಕು.

"ಚೆನ್ನಾಗಿಲ್ಲ ಕಣೇ. ಸುಳ್ಳು ಹೇಳಿ ನಿನ್ನ ಕೆಲಸ ಉಳಿಸಾಕಿಲ್ಲ ನಾನು" ಎಂದರು.

ಹಾಗಂತ ಕೈಬಿಡಲೂ ಇಲ್ಲ. ನನ್ನ ಹಿಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದರು. ನಾನು ಕುಳ್ಳಿ, ಕಣ್ಣು ಪರದೆಯ ನಡುಮಟ್ಟಕ್ಕಿಂತ ಕೆಳಗಿದ್ದು ಎರಡು ಚಿತ್ರಗಳೂ ಕಲಸಿಕೊಳ್ಳುತ್ತಿದ್ದವು. ಕುರ್ಚಿಯ ಮೇಲೆ ಹಲಗೆ ಇಡಿಸಿದರು, ಫೋಟೋ ಇನ್ನಷ್ಟು ಹಿಗ್ಗಿಸಿ ಬರೆಯಲು ಹೇಳಿದರು. "ಅಳಿಸು, ಮತ್ತೆ ಬರಿ." ವಾರವಿಡೀ ಅದೇ ಏರಿ. ಅವರ ಮೇಲೆ ನನಗೆ ಸಿಟ್ಟೂ ಬಂದಿತ್ತು.

ಕೊನೆಗೆ ಯಜಮಾನರನ್ನೂ ಕರೆದುಕೊಂಡು ಕೆರೆಗೇ ಹೋಗಿ ಏರಿಯ ಎತ್ತರ ಅಳೆದೆವು. ಮೇಡಂ ಲೆಕ್ಕದಷ್ಟೇ ನನ್ನದೂ ನೆಲದ ಅಳತೆಗೆ ಹೊಂದಿತು.

"ಈ ಹುಡುಗಿ ಬಲು ನಿಧಾನ" ಎಂದು ಯಜಮಾನರು ಗೊಣಗಿದರು.

"ನಿಧಾನ ನಿಜ ಸಾರ್, ತಪ್ಪಿಲ್ಲ. ಆ ಪರದೆ ಇರ್ಲಿ, ಇವಳೂ ಇರ್ತಾಳೆ."

ಕಳೆದ ವರ್ಷ ಮೇಡಂ ಹಾಸಿಗೆ ಹಿಡಿದಾಗ ತರೀಕೆರೆಯ ಮನೆಗೆ ಹೋಗಿದ್ದೆ. "ಈಗ ಕೈ ಬೇಗ ಓಡ್ತದೇನೇ?" ಎಂದು ಕೇಳಿದರು.

"ಎಲ್ಲರಿಗಿಂತ ಬೇಗ ಮೇಡಂ."

"ಹಂಗಾದ್ರೆ ನಿಧಾನ ಇರೋರ್ನ ಬೈಬೇಡ."

ಮರುವಾರ ತೀರಿಕೊಂಡರು. ಈಗ ಅವರ ಜಾಗದಲ್ಲಿ ನಾನಿದ್ದೇನೆ. ಬೈಯುವುದೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಇದುವರೆಗೆ ಒಬ್ಬರನ್ನೂ ಮನೆಗೆ ಕಳಿಸಿಲ್ಲ.