ಪೂರ್ವದ ಗೇಟು ಕಾಯುವ ನನ್ನ ಭಾವ

ನನ್ನ ಭಾವ ಪುಕ್ಕಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಇಪ್ಪತ್ತು ವರ್ಷದಿಂದ ಮುಖಕ್ಕೇ ಹೇಳಿಕೊಂಡು ಬಂದಿದ್ದೇನೆ, ಅವನೂ ಹೌದೆಂದು ತಲೆಯಾಡಿಸಿಕೊಂಡೇ ಬಂದಿದ್ದಾನೆ. ನನಗಿಂತ ಎರಡೇ ವರ್ಷ ದೊಡ್ಡವನು, ಹಾಗಾಗಿ ನಮ್ಮಲ್ಲಿ ಏಕವಚನ. ಅಕ್ಕ ಹೇಳುವ ಪ್ರಕಾರ ಮದುವೆಯ ದಿನವೂ ಅವನು ಮದುಮಗಳನ್ನು ನೋಡಲಿಲ್ಲವಂತೆ, ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡುತ್ತಾ ಕೂತಿದ್ದನಂತೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಖಾಲಿ ರಸ್ತೆ ದಾಟುವುದಕ್ಕೂ ಎರಡು ನಿಮಿಷ ನಿಲ್ಲುತ್ತಾನೆ.

ಇಂಥವನಿಗೆ ಸಿಕ್ಕಿದ ಕೆಲಸ ಫುಟ್‌ಬಾಲ್ ಮೈದಾನದ ಪೂರ್ವದ ಗೇಟು ಕಾಯುವುದು. ಸಿಕ್ಕಿದ್ದು ಅವನ ಅದೃಷ್ಟವೋ ಮೈದಾನದ ಅದೃಷ್ಟವೋ, ಬಹಳ ದಿನ ನನಗೆ ಗೊತ್ತಾಗಿರಲಿಲ್ಲ.

ಆ ಗೇಟಿನ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಬಾಗಿಲಿನ ಕಬ್ಬಿಣದ ಗೇಟು. ಅದರ ಒಳಗೆ ನನ್ನ ಕ್ಷೌರದಂಗಡಿಯಂಥ ಆರು ಅಂಗಡಿ ಹಿಡಿಸುವಷ್ಟು ಅಂಗಳ. ಅಂಗಳದಿಂದ ಮೇಲಕ್ಕೆ ಮೂವತ್ತೆಂಟು ಮೆಟ್ಟಿಲು, ನಾಲ್ಕು ಜನ ಜೊತೆಯಲ್ಲಿ ಹತ್ತಿದರೆ ಭುಜಕ್ಕೆ ಭುಜ ತಾಗುತ್ತದೆ. ಪೂರ್ವದ ಗ್ಯಾಲರಿಗೆ ಹೋಗಲು ಬರಲು ಇದೊಂದೇ ದಾರಿ. ಆಟ ಶುರುವಾದ ಮೇಲೆ ಗೇಟಿಗೆ ಬೀಗ, ಎಂಬತ್ತನೇ ನಿಮಿಷಕ್ಕೆ ತೆಗೆಯಬೇಕು ಎಂಬುದು ನಿಯಮ. ಭಾವ ಬೀಗ ಹಾಕುತ್ತಾನೆ, ಎಳೆದು ನೋಡುತ್ತಾನೆ, ನಾಲ್ಕು ಹೆಜ್ಜೆ ಹೋಗುತ್ತಾನೆ, ವಾಪಸು ಬಂದು ಇನ್ನೊಂದು ಸಲ ಎಳೆದು ನೋಡುತ್ತಾನೆ. ಗ್ಯಾಲರಿಯವರೆಲ್ಲ ಅವನಿಗೆ ಚಿಲಕ ಎಂದು ಹೆಸರಿಟ್ಟಿದ್ದರು. ಅವನು ವಾಪಸು ಬರುವಾಗ ಮೆಟ್ಟಿಲ ಮೇಲಿಂದ ನಾವು "ಒಂದು, ಎರಡು, ಮೂರು, ನಾಲ್ಕು" ಎಂದು ಎಣಿಸಿ ಚಪ್ಪಾಳೆ ತಟ್ಟುತ್ತಿದ್ದೆವು. ಮೊದಲು ಎಣಿಸಿದವನು ನಾನೇ.

ಗ್ಯಾಲರಿಯಲ್ಲಿ ನನ್ನ ಪಕ್ಕದ ಸೀಟು ನನ್ನ ಅಮ್ಮನದು. ಅರವತ್ತೊಂಬತ್ತು ವರ್ಷ, ಎರಡೂ ಮಂಡಿ ಸವೆದಿವೆ, ಒಂದು ಮೆಟ್ಟಿಲ ಮೇಲೆ ಎರಡೂ ಕಾಲಿಟ್ಟೇ ಮುಂದಿನದಕ್ಕೆ ಹೋಗಬೇಕು. ಆದರೂ ಒಂದು ಪಂದ್ಯ ತಪ್ಪಿಸಿದವಳಲ್ಲ. ತಾನೇ ಹೆಣೆದ ತಂಡದ ಹಸಿರು ಮಫ್ಲರ್ ಸುತ್ತಿಕೊಂಡು ಕೂತಳೆಂದರೆ ರೆಫರಿಯ ಏಳು ತಲೆಮಾರಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಆ ವರ್ಷ ಅಮ್ಮನ ಬೈಗುಳವೆಲ್ಲ ಒಬ್ಬನಿಗೇ ಮೀಸಲಾಯಿತು. ಹೊಸ ಮ್ಯಾನೇಜರ್ ಬಂದಿದ್ದ. ಹನ್ನೊಂದು ಆಟಗಾರರಲ್ಲಿ ಹತ್ತು ಜನರನ್ನು ನಮ್ಮ ಗೋಲಿನ ಮುಂದೆ ನಿಲ್ಲಿಸಿಬಿಡುತ್ತಿದ್ದ. ಹನ್ನೊಂದನೆಯವನು ನಡು ಗೆರೆಯ ಹತ್ತಿರ ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಸಿಕ್ಕರೆ ಪಕ್ಕಕ್ಕೆ, ಪಕ್ಕದವನಿಗೆ ಸಿಕ್ಕರೆ ಹಿಂದಕ್ಕೆ. ಸತತ ಒಂಬತ್ತು ಪಂದ್ಯ ಸೊನ್ನೆ ಸೊನ್ನೆ. ನಾವು ಅವನಿಗೆ ಗೋಡೆ ಮೇಸ್ತ್ರಿ ಎಂದು ಕರೆದೆವು.

"ನಾನು ಕಣ್ಮುಚ್ಚೋದ್ರೊಳಗೆ ಒಂದು ಗೋಲು ತೋರಿಸ್ರೋ," ಎಂದು ಅಮ್ಮ ಕೂಗುತ್ತಿದ್ದಳು. ಮನೆಯಲ್ಲಿ ಅಳಿಯ ಗ್ಯಾಸಿನ ಗುಬುಟನ್ನು ಎರಡನೇ ಸಲ ಮುಟ್ಟಿ ನೋಡಿದರೆ, "ಬಂದ ನೋಡು ನಮ್ಮನೆ ಮೇಸ್ತ್ರಿ," ಎನ್ನುತ್ತಿದ್ದಳು. ಭಾವ ನಗುತ್ತಿದ್ದ. ಅವನಿಗೆ ನಗು ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಎದ್ದು ಹೋಗುವ ಉಪಾಯ ಹುಟ್ಟಿದ್ದು ನನ್ನ ಅಂಗಡಿಯಲ್ಲಿ. ಹೊಳೆದದ್ದು ನನಗೆ. ಮುಂದಿನ ಪಂದ್ಯದಲ್ಲಿ ಎಪ್ಪತ್ತನೇ ನಿಮಿಷಕ್ಕೆ ಪೂರ್ವದ ಗ್ಯಾಲರಿ ಪೂರ್ತಿ ಎದ್ದು ನಡೆದುಬಿಡುವುದು, ಖಾಲಿ ಸೀಟುಗಳನ್ನು ಮೇಸ್ತ್ರಿ ನೋಡಲಿ. ಬೆಂಚಿನ ಮೇಲಿದ್ದ ಟೈಲರ್, ಬಸ್ ಡ್ರೈವರ್, ಶಾಲೆಯ ಮೇಷ್ಟ್ರು ಎಲ್ಲರೂ ಭಲೇ ಎಂದರು. ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದವನು ಭಾವ. ಕತ್ತಿ ಹಿಡಿದ ನನ್ನ ಮಣಿಕಟ್ಟನ್ನು ಗಬಕ್ಕನೆ ಹಿಡಿದ.

"ಬೇಡ ಕಣೋ. ಅಷ್ಟೂ ಜನ ಒಂದೇ ಸಲ ಇಳಿದ್ರೆ ಆ ಮೆಟ್ಟಿಲು ತಡೆಯಲ್ಲ."

"ಕಲ್ಲಿನ ಮೆಟ್ಟಿಲು ಮುರಿಯುತ್ತಾ ಭಾವ?"

"ಮೆಟ್ಟಿಲಿಗೇನಾಗುತ್ತೆ? ಜನಕ್ಕೆ ಆಗುತ್ತೆ. ಕೊನೇ ಪಕ್ಷ ಒಂದೊಂದೇ ಸಾಲು ಏಳ್ರಿ. ಮೇಲಿನ ಸಾಲು ಮೊದಲು, ಅದು ಕೆಳಗಿಳಿದ ಮೇಲೆ ಮುಂದಿನದು."

"ನಿನಗೂ ಆ ಮೇಸ್ತ್ರಿಗೂ ಒಬ್ಬಳೇ ತಾಯಿ ಇರಬೇಕು," ಎಂದೆ. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ಮಣಿಕಟ್ಟು ಬಿಡಲೇ ಇಲ್ಲ. ಬಿಡಿಸಿಕೊಂಡು ಗದ್ದ ಹೆರೆದೆ.

ಆ ವಾರವೆಲ್ಲ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ಅಕ್ಕ ಹೇಳಿದಳು. ಅಡುಗೆಮನೆಯ ನೆಲದ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ ಏನೋ ಲೆಕ್ಕ ಹಾಕುತ್ತಿದ್ದನಂತೆ. ಇಷ್ಟು ಕಡ್ಡಿ ಮೆಟ್ಟಿಲ ಮೇಲೆ, ಇಷ್ಟು ಅಂಗಳದಲ್ಲಿ. ಬೀಗ ಹಾಕಿದ ಗೇಟಿಗೆ ಜನ ಬಂದು ಒತ್ತಿದರೆ ಏನು ಗತಿ ಎಂದು ಹೆದರಿ, ನಿಯಮ ಮುರಿದು ಎಪ್ಪತ್ತಕ್ಕೇ ಗೇಟು ತೆಗೆಯುವುದೆಂದು ಕೊನೆಗೆ ತೀರ್ಮಾನಿಸಿದ. ಜೀವಮಾನದಲ್ಲಿ ಅವನು ನಿಯಮ ಮುರಿದದ್ದು ಅದೊಂದೇ ಸಲ, ಅದೂ ಹೆದರಿಕೆಯಿಂದ.

ಅಮ್ಮ ಮಾತ್ರ ಎದ್ದು ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಮನೆಮಂದಿಗೆಲ್ಲ ಅದು ಗೊತ್ತಿತ್ತು. "ಟಿಕೆಟ್ ತಗೊಂಡಿದೀನಿ, ಕೊನೇವರೆಗೂ ಬೈತೀನಿ."

ಪಂದ್ಯ ಮಧ್ಯಾಹ್ನ ಮೂರಕ್ಕೆ. ಎಂದಿನಂತೆ ಚೆಂಡು ಪಕ್ಕಕ್ಕೆ, ಹಿಂದಕ್ಕೆ. ಎಪ್ಪತ್ತನೇ ನಿಮಿಷಕ್ಕೆ ನಾನು ಎದ್ದು ಕೈಯೆತ್ತಿದೆ, ಇಡೀ ಗ್ಯಾಲರಿ ಎದ್ದಿತು. ಆ ಸದ್ದು ಕೇಳಿ ನನ್ನ ಎದೆ ಉಬ್ಬಿತು, ಅದನ್ನು ಮುಚ್ಚಿಡುವುದಿಲ್ಲ. ಅಮ್ಮ ಒಬ್ಬಳು ಕೂತೇ ಇದ್ದಳು.

"ಏಳಮ್ಮ. ನೀನೇ ಕೂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ನನ್ನ ಮಂಡಿ ನೋಡೋ."

"ನಿಧಾನಕ್ಕೆ ಬಾ. ನಾನು ಮುಂದೆ ಇರ್ಬೇಕು."

ನನ್ನ ಮರ್ಯಾದೆಗಾಗಿ ಅವಳು ಎದ್ದಳು. ನಾನು ಅವಳನ್ನು ಬಿಟ್ಟು ಮುಂದೆ ಹೋದೆ.

ಗೇಟಿನ ಎರಡೂ ಬಾಗಿಲು ತೆರೆದಿದ್ದವು. ಭಾವ ಗೋಡೆಗೆ ಬೆನ್ನು ಅಂಟಿಸಿ ನಿಂತು, ಹೊರಗೆ ಹೋಗುವ ತಲೆಗಳನ್ನು ತುಟಿಯಲ್ಲೇ ಎಣಿಸುತ್ತಿದ್ದ. ನಾನು ಅವನತ್ತ ನೋಡಲೂ ಇಲ್ಲ. ನನ್ನ ಹಿಂದೆ ಮುನ್ನೂರು ಜನ ರಸ್ತೆಗೆ ಬಂದಾಗಿತ್ತು, ಅಂಗಳ ತುಂಬ ಜನ, ಮೆಟ್ಟಿಲ ಮೇಲೂ ಕಿಕ್ಕಿರಿದ ಜನ. ಆಗಲೇ ಮೈದಾನದಿಂದ ಆ ಕೂಗು ಬಂತು.

ಗೋಲು. ನಮ್ಮದೇ. ಅದನ್ನು ಹೊಡೆದವನು ನಮ್ಮ ರಕ್ಷಣೆಯ ಆಟಗಾರ ಎಂದು ಆಮೇಲೆ ತಿಳಿಯಿತು. ಗಂಡಾಂತರ ತಪ್ಪಲಿ ಎಂದು ಕಣ್ಣು ಮುಚ್ಚಿ ಬೀಸಿ ಒದ್ದ ಚೆಂಡು ಗಾಳಿಗೆ ಸಿಕ್ಕಿ, ಪುಟಿದು, ಎದುರು ತಂಡದ ಗೋಲ್‌ಕೀಪರಿನ ತಲೆಯ ಮೇಲಿಂದ ಒಳಗೆ ಹೋಗಿತ್ತು.

ಹತ್ತು ಪಂದ್ಯ ಕಾದವರು ಗೋಲಿಗೆ ಬೆನ್ನು ಹಾಕಿ ರಸ್ತೆಯಲ್ಲಿ ನಿಂತಿದ್ದೇವೆ! ಯೋಚಿಸುವುದಕ್ಕೆ ಯಾರಿಗೆ ಪುರುಸೊತ್ತು? ಎಲ್ಲರೂ ತಿರುಗಿದೆವು. ಹೋಗುವಾಗ ಮುಂದಿದ್ದ ನಾನು ಬರುವಾಗಲೂ ಜನರನ್ನು ತಳ್ಳಿಕೊಂಡು ಮುಂದೆ ಬಂದೆ. ಗೇಟು ಮುಟ್ಟಲು ಎರಡು ಹೆಜ್ಜೆ ಬಾಕಿ ಇತ್ತು. ಭಾವ ಎರಡೂ ಬಾಗಿಲನ್ನು ಎಳೆದು ಮುಖದ ಮೇಲೆ ಮುಚ್ಚಿದ.

ನನ್ನ ಎಡಗೈ ಕಿರುಬೆರಳು ನಡುವೆ ಸಿಕ್ಕಿತು. ಅದು ಮುರಿದದ್ದೂ ನನಗೆ ಗೊತ್ತಾಗಲಿಲ್ಲ. ಅವನು ಒಳಗಿನಿಂದ ಬೀಗ ಹಾಕಿದ. ಮುಖ ಸುಣ್ಣದಂತಾಗಿತ್ತು. ಒಂದೇ ಸಲ ಎಳೆದ.

"ತೆಗಿಯೋ, ಚಿಲಕ! ಹೇಡಿ ನನ್ಮಗನೇ, ತೆಗಿ!" ಹೀಗೆ ಕೂಗಿದವನು ನಾನು. ಕಂಬಿಗಳ ನಡುವೆ ಕೈ ತೂರಿಸಿ ಅವನ ಕಾಲರ್ ಹಿಡಿದು ತಲೆಯನ್ನು ಕಂಬಿಗೆ ಅಪ್ಪಳಿಸಿದವನೂ ನಾನೇ. ಅವನು ಕೊಸರಿಕೊಂಡು ಹಿಂದೆ ಸರಿದ. ಆಗ ಅವನ ಹಿಂದೆ ಏನಿದೆ ಎಂದು ಕಾಣಿಸಿತು.

ಮೆಟ್ಟಿಲ ಕೆಳಭಾಗದವರು ತಿರುಗಿ ಮೇಲಕ್ಕೆ ಒತ್ತುತ್ತಿದ್ದರು. ಮೇಲ್ಭಾಗದವರು ಏನೂ ತಿಳಿಯದೆ ಇನ್ನೂ ಕೆಳಕ್ಕೆ ಬರುತ್ತಿದ್ದರು. ನಡುವೆ ಒಂದಿಪ್ಪತ್ತು ಮೆಟ್ಟಿಲಿನಷ್ಟು ಜನ ಅಲುಗಾಡದೆ ನಿಂತಿದ್ದರು. ಅಲ್ಲಿ ಕೂಗಾಟವೇ ಇರಲಿಲ್ಲ. ಕೂಗಲು ಉಸಿರು ಬೇಕಲ್ಲ, ಅವರ ಬಾಯಿಗಳು ಮಾತ್ರ ತೆರೆದಿದ್ದವು. ಆ ಬಾಯಿಗಳ ನಡುವೆ ಹಸಿರು ಮಫ್ಲರ್ ಕಂಡಿತು. ಅದರ ಮೇಲೆ ಅಮ್ಮನ ಬಿಳಿ ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಅಂಥ ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಭಯ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ.

"ಭಾವ, ಅಮ್ಮ! ಅಮ್ಮ ಅಲ್ಲಿದಾಳೆ! ನಿನ್ನ ಕಾಲಿಗೆ ಬೀಳ್ತೀನಿ, ತೆಗಿ!"

ಅವನು ತಿರುಗಿ ಮೆಟ್ಟಿಲತ್ತ ನೋಡಿದ. ಅವಳು ಮೇಲೆ ಸೀಟಿನಲ್ಲೇ ಕೂತಿದ್ದಾಳೆ ಎಂದು ಅಲ್ಲಿಯವರೆಗೆ ನಂಬಿದ್ದ. ಅವನ ಕೈ ಬೀಗದತ್ತ ಬಂತು. ಕೀಲಿ ಬೆರಳುಗಳಲ್ಲೇ ಇತ್ತು. ನನ್ನನ್ನು ನೋಡಿದ, ನನ್ನ ಬೆನ್ನ ಮೇಲೆ ಭಾರ ಬಿಟ್ಟಿದ್ದ ಮುನ್ನೂರು ಜನರನ್ನು ನೋಡಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಗೇಟಿಗೆ ಬೆನ್ನು ತಿರುಗಿಸಿದ.

ಆಮೇಲೆ ನಾನು ಕಂಬಿಗೆ ಕೆನ್ನೆ ಒತ್ತಿಕೊಂಡು ನೋಡಿದ್ದಷ್ಟೇ. ಅಂಗಳದ ಹಿಂದಿನ ಸಾಲಿನಲ್ಲಿ ಒತ್ತುತ್ತಿದ್ದವರನ್ನು ಅವನು ಒಬ್ಬೊಬ್ಬರನ್ನಾಗಿ ಹೆಗಲು ಹಿಡಿದು ಹಿಂದಕ್ಕೆ ಎಳೆದ. "ಗೇಟು ಹಾಕಿದೆ. ಹಿಂದೆ ಯಾರೂ ಇಲ್ಲ. ಹಿಂದಕ್ಕೆ ಬನ್ನಿ, ಜಾಗ ಇದೆ." ಕೂಗಲಿಲ್ಲ, ಪ್ರತಿಯೊಬ್ಬರ ಕಿವಿಯ ಹತ್ತಿರ ಅದನ್ನೇ ಹೇಳಿದ. ಎಳೆಸಿಕೊಂಡವರೂ ಇನ್ನೊಬ್ಬರನ್ನು ಎಳೆಯತೊಡಗಿದರು. ಅಂಗಳ ತೆರವಾಯಿತು, ಮೆಟ್ಟಿಲ ಬುಡ ಸಡಿಲವಾಯಿತು, ಮೇಲಿನವರು ಒಂದೊಂದೇ ಮೆಟ್ಟಿಲು ಜಾರಿ ಕೆಳಗೆ ಬಂದರು. ಕೆಲವರು ನಡೆದು, ಕೆಲವರು ಎತ್ತಿಸಿಕೊಂಡು.

ಅಮ್ಮನನ್ನು ಭಾವನೇ ತೋಳಿನ ಮೇಲೆ ಹೊತ್ತು ತಂದ. ಒಂದು ಚಪ್ಪಲಿ ಇರಲಿಲ್ಲ, ತುಟಿ ನೀಲಿಯಾಗಿತ್ತು. ಅಂಗಳದ ಕಲ್ಲಿನ ಮೇಲೆ ಮಲಗಿಸಿ ಮಫ್ಲರ್ ಬಿಚ್ಚಿದ. ಅವಳು ಉಸಿರೆಳೆದುಕೊಳ್ಳುವವರೆಗೆ ನಾನು ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಕೊನೆಗೆ ಕೆಮ್ಮಿದಳು.

"ಯಾರು ಹೊಡೆದಿದ್ದು?" ಎಂದಳು. ಭಾವ ಅಲ್ಲೇ ಕೂತು ಅತ್ತುಬಿಟ್ಟ.

ಯಾರೂ ಸಾಯಲಿಲ್ಲ. ಹದಿನಾಲ್ಕು ಜನರ ಪಕ್ಕೆಲುಬು ಮುರಿದಿತ್ತು, ಅಮ್ಮನದೂ ಎರಡು. ವಿಚಾರಣೆ ನಡೆದು ಭಾವನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಗೇಟನ್ನು ಹತ್ತು ನಿಮಿಷ ಮುಂಚೆ ತೆರೆದದ್ದಕ್ಕೆ. ಮುಚ್ಚಿದ್ದರ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ರಸ್ತೆಯಲ್ಲಿದ್ದವರು ಮಾತ್ರ ಬಹಳ ದಿನ ಅವನನ್ನು ಬೈದರು. ವರ್ಷಕ್ಕೊಂದು ಗೋಲು, ಅದರ ಸಂಭ್ರಮಕ್ಕೂ ಒಳಗೆ ಬಿಡಲಿಲ್ಲವಂತೆ. ಬೈದವರಲ್ಲಿ ಟೈಲರ್ ಒಬ್ಬ. ಅವನಿಗೆ ನಾನು ಅರ್ಧ ಕ್ಷೌರ ಮಾಡಿ ಎಬ್ಬಿಸಿ ಕಳಿಸಿದೆ.

ಒಂದು ದಿನ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಭಾವನನ್ನು ಕೇಳಿದೆ, ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು.

"ಧೈರ್ಯ ಎಲ್ಲಿ ಬಂತು? ಹೆದರಿಕೆ ಆಯ್ತು, ಹಾಕ್ದೆ. ನೀನು ಅಮ್ಮ ಅಂದಾಗ ತೆಗೆಯೋಣ ಅಂತ್ಲೇ ಕೈ ಹೋಯ್ತು. ನಿನ್ನ ಮುಖ ನೋಡಿ ಇನ್ನೂ ಹೆದರಿಕೆ ಆಯ್ತು." ಕನ್ನಡಿಯಲ್ಲಿ ಹಣೆಯ ಗಾಯ ಮುಟ್ಟಿ ನೋಡಿಕೊಂಡ. "ತಪ್ಪಾಗಿದ್ರೆ ಏನ್ ಮಾಡ್ಬೇಕಿತ್ತೋ? ದಿನಾ ಅದೇ ಯೋಚ್ನೆ."

ನನ್ನ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ಗೇಟಿಗೆ ಸಿಕ್ಕಿತು ಎಂದಷ್ಟೇ ಅಮ್ಮನಿಗೆ ಗೊತ್ತು. ನಾನು ಯಾವ ಕಡೆಯಿಂದ ನುಗ್ಗುತ್ತಿದ್ದೆ, ಅವಳ ಅಳಿಯನ ಹಣೆಗೆ ಆ ಗಾಯ ಹೇಗಾಯಿತು, ಅದನ್ನು ಭಾವ ಇಲ್ಲಿಯವರೆಗೆ ಬಾಯಿಬಿಟ್ಟಿಲ್ಲ. ನಾನೂ ಹೇಳಿಲ್ಲ. ಅವಳು ನನ್ನ ಬೆರಳು ಹಿಡಿದು ನೀವುವಾಗ ನನಗೆ ಭಯವಾಗುತ್ತದೆ.

ಮೂರು ತಿಂಗಳಿಗೆ ಅಮ್ಮ ಮತ್ತೆ ಮೈದಾನಕ್ಕೆ ಹೊರಟಳು. ಮೇಸ್ತ್ರಿ ಇನ್ನೂ ಇದ್ದ, ಗೋಡೆಯೂ ಇತ್ತು. ಈಗಲಾದರೂ ಮೇಸ್ತ್ರಿಯನ್ನು ಕ್ಷಮಿಸಿದೆಯಾ ಎಂದು ಕೇಳಿದೆ.

"ಅವನನ್ನ ಯಾಕೆ ಕ್ಷಮಿಸ್ಲಿ? ಆಟ ಬೇರೆ, ಗೇಟು ಬೇರೆ," ಎಂದಳು.

ಒಂದೊಂದೇ ಮೆಟ್ಟಿಲು ಹತ್ತಿದೆವು. ಹತ್ತನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಸೀಟಿ ಕೇಳಿಸಿತು, ಆಟ ಶುರುವಾಯಿತು. ಕೆಳಗೆ ಭಾವ ಬೀಗ ಹಾಕಿದ, ಎಳೆದು ನೋಡಿದ, ನಾಲ್ಕು ಹೆಜ್ಜೆ ಹೋದ. ಮೇಲಿನಿಂದ ಯಾರೂ ಎಣಿಸಲಿಲ್ಲ. ನಾನು ಅಮ್ಮನ ತೋಳು ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲೆತ್ತಿದೆ. ಅವಳು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತೇ ಇದ್ದಳು.

"ಇರೋ," ಎಂದಳು. "ಇನ್ನೊಂದ್ಸಲ ನೋಡ್ತಾನೆ."