ಹಲಗೆಯ ಕೆಳಗಿನ ಕೆಂಪು ನೆಲ

ಸ್ನೇಹಿತರೇ, ಗುಬ್ಬಿ ಊರಿನ ನಮ್ಮ ಮನೆಯ ಹಾಲ್‌ನಲ್ಲಿ ಇವತ್ತು ಅಮ್ಮ ಧರಣಿ ಕೂತಳು.

ಹಳೆಯ ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆಯೆಂದು ಹೋದ ತಿಂಗಳು ಅದರ ಮೇಲೆ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಹಾಕಿಸಿದ್ದೆ. "ಒದ್ದೆಬಟ್ಟೇಲಿ ಒರೆಸಿದ್ರೆ ಸಾಕಮ್ಮ, ನೀರು ಸುರೀಬೇಡ" ಎಂದು ಹೇಳಿಯೂ ಇದ್ದೆ. ಆದರೆ ಶುಕ್ರವಾರ ಬಂತು. ಅವತ್ತು ಬಕೆಟ್‌ಗಟ್ಟಲೆ ನೀರು ಸುರಿದು ಮನೆ ತೊಳೆಯದೆ ಅಮ್ಮನಿಗೆ ದೇವರ ದೀಪ ಹಚ್ಚಲು ಮನಸ್ಸೇ ಬರುವುದಿಲ್ಲ. ಬಾಗಿಲ ಹತ್ತಿರದ ಹಲಗೆಗಳು ಹಪ್ಪಳದಂತೆ ಉಬ್ಬಿದವು.

ಇವತ್ತು ತುಮಕೂರಿನಿಂದ ಫ್ಲೋರಿಂಗ್‌ನವರು ಬಂದು ಅವನ್ನು ಕಿತ್ತರು. ಕೆಳಗೆ ನಮ್ಮ ಕೆಂಪು ನೆಲ! ಅಮ್ಮ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ನೆಲ. ಬೇಸಿಗೆಯಲ್ಲಿ ಊಟ ಮುಗಿಸಿ, ಚಾಪೆಯೂ ಬೇಡವೆಂದು ನಾವೆಲ್ಲ ಕೆನ್ನೆಯಿಟ್ಟು ಮಲಗುತ್ತಿದ್ದ ನೆಲ.

ಅಮ್ಮ ಬಂದು ಅಲ್ಲಿ ಕೂತೇಬಿಟ್ಟಳು.

"ಅಜ್ಜಿ, ಸ್ವಲ್ಪ ಎದ್ದೇಳಿ, ಹೊಸ ಹಲಗೆ ಕೂರಿಸ್ಬೇಕು" ಎಂದರು ಫ್ಲೋರಿಂಗ್‌ನವರು.

"ತಡಿಯಪ್ಪ, ಏನವಸರ? ಕಾಲು ತಣ್ಣಗಾಗ್ಲಿ."

"ಅಮ್ಮಾ, ಅವ್ರಿಗೆ ಬೇರೆ ಕೆಲ್ಸ ಇರುತ್ತೆ!" ಎಂದು ಗದರಿದೆ.

ಅಮ್ಮ ನೆಲ ಸವರುತ್ತಲೇ, "ನೀನೂ ಒಂದ್ಸಲ ಕೈ ಇಟ್ಟು ನೋಡೇ" ಎಂದಳು. ಇಟ್ಟೆ. ಅದೇ ತಂಪು. ಒಂದು ತಿಂಗಳಿಂದ ಅದರ ಮೇಲೆಯೇ ಓಡಾಡುತ್ತಿದ್ದೆ, ಕಾಲಿಗೆ ಸಿಕ್ಕಿರಲಿಲ್ಲ.

ಫ್ಲೋರಿಂಗ್‌ನವರಿಗೆ ಕಾಫಿ ಕೊಟ್ಟು, ನಾಳೆ ಬನ್ನಿ ಎಂದು ಕಳಿಸಿದೆ. ಕಿತ್ತ ಜಾಗದಲ್ಲಿ ಒಬ್ಬರು ಮಾತ್ರ ಮಲಗಬಹುದು. ಅಮ್ಮ ಆಗಲೇ ಅಲ್ಲಿ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಾಳೆ.

ಪಕ್ಕದ ಹಲಗೆಗಳು ಇನ್ನೂ ಉಬ್ಬಿಲ್ಲ. ನಾನು ಬಕೆಟ್ ಹುಡುಕುತ್ತಿದ್ದೇನೆ.